ಬಾಗಿಲಿನ ತಳದ ತೂತುಗಳು

ಅಂಗಿ ಒಗೆಯಲು ಹಾಕುವ ಮುಂಚೆ ಅಮ್ಮ ಅಪ್ಪನ ಜೇಬು ತಡಕಿದಳು. ಒಳಗಿದ್ದ ಬೆಂಕಿಕಡ್ಡಿಗಳನ್ನು ಒಂದೊಂದಾಗಿ ಹೆಕ್ಕಿ ತಗಡಿನ ಡಬ್ಬಿಗೆ ಹಾಕಿ, ಡಬ್ಬಿಯನ್ನು ಮೇಲಿನ ಕಪಾಟಿನ ಮೂಲೆಗೆ ತಳ್ಳಿದಳು. ನಾನು ಅವನ ಇನ್ನೊಂದು ಅಂಗಿಗೆ ಗುಂಡಿ ಹೊಲಿಯುತ್ತಿದ್ದೆ. ಅಪ್ಪ ಗಾಲಿಕುರ್ಚಿಯಲ್ಲಿ ಕೂತು ಡಬ್ಬಿ ಹೋದ ಕಡೆಯೇ ನೋಡುತ್ತಿದ್ದ.

ಲಕ್ವ ಹೊಡೆದು ಅಪ್ಪನ ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಉಳಿದದ್ದು ಎಡಗೈ ಒಂದೇ. ಕುರ್ಚಿ ಒಲೆಯ ಪಕ್ಕ ಹಾದುಹೋಗುವಾಗ ಆ ಕೈ ಹೇಗೋ ಕಡ್ಡಿ ಎಗರಿಸುತ್ತಿತ್ತು.

"ಬಾಯಿ ಹೋದ್ರೂ ಸಿಗರೇಟಿನ ಚಪಲ ಹೋಗಿಲ್ಲ ನೋಡು ನಿಮ್ಮಪ್ಪಂಗೆ," ಎಂದಳು ಅಮ್ಮ. ಬೈಗುಳದಂತೆ ಹೇಳಿ, ಅಂಗಿಯನ್ನು ಬಕೆಟ್ಟಿಗೆ ಅದ್ದಿದಳು.

ಅಂಗಳದಲ್ಲಿ ನಿಂತಿದ್ದ ವ್ಯಾನು ಒಂದು ಕಾಲಕ್ಕೆ ನಮ್ಮ ಮನೆ. ಅಪ್ಪ ಊರೂರು ತಿರುಗಿ ಹೊಲಿಗೆಯಂತ್ರ ರಿಪೇರಿ ಮಾಡುತ್ತಿದ್ದ. ನಾವು ನಾಲ್ವರೂ ಅದರಲ್ಲೇ ಮಲಗುತ್ತಿದ್ದೆವು. ಹಗಲು ಬೆಂಚಾಗಿದ್ದದ್ದು ಸಂಜೆ ಮಡಿಕೆ ಬಿಚ್ಚಿದರೆ ಹಾಸಿಗೆ. ಗ್ಯಾಸ್ ಒಲೆಯೊಂದು, ತಟ್ಟೆ ಹಿಡಿಸದಷ್ಟು ಪುಟ್ಟ ಸಿಂಕು ಒಂದು. ಊರು ಬದಲಾದಾಗಲೆಲ್ಲ ಶಾಲೆ ಬದಲಾಗಿ, ಕೊನೆಗೆ ಶಾಲೆಯೇ ನನ್ನನ್ನು ಬಿಟ್ಟಿತು. ಅದಕ್ಕೆ ನನಗೆ ಬೇಸರವಿರಲಿಲ್ಲ. ಕಿಟಕಿಯಲ್ಲಿ ಕೂತು ನೋಡುವುದು ನನಗೆ ಸಾಕಾಗಿತ್ತು.

ಮಳೆಗಾಲ ಹತ್ತಿರವಾದಾಗ ಅಪ್ಪ ನಾವು ಏಳುವ ಮುಂಚೆಯೇ ಬೆಂಕಿಪೊಟ್ಟಣ ಹಿಡಿದು ವ್ಯಾನಿನ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂರುತ್ತಿದ್ದದ್ದು ನೆನಪಿದೆ. ಅಮ್ಮ ಮಲಗಿದಲ್ಲಿಂದಲೇ ಕೂಗುತ್ತಿದ್ದಳು: "ರೀ, ಕದ್ದು ಸೇದ್ತಿದೀರಾ?" ಅಪ್ಪ ನಗುತ್ತಿದ್ದ. ಹೌದು ಅನ್ನುತ್ತಿರಲಿಲ್ಲ, ಇಲ್ಲ ಅನ್ನುತ್ತಿರಲಿಲ್ಲ.

ಮಾತು ನಿಲ್ಲುವ ಹಿಂದಿನ ವಾರ ಅವನು ಹೇಳಿದ್ದು ಒಂದೇ ಆಸೆ. "ಮಳೆ ಮುಗೀಲಿ. ಕಡಲ ಪಕ್ಕ ನಿಲ್ಲಿಸಿ, ಎಲ್ಲರೂ ವ್ಯಾನಲ್ಲೇ ಒಂದಿನ ಮಲಗೋಣ."

ಅಣ್ಣ ಗೋದಾಮಿನಲ್ಲಿ ಲಾರಿ ಓಡಿಸುವವನು. ವ್ಯಾನಿನ ಸುತ್ತ ಒಂದು ಸುತ್ತು ಬಂದು ಬೂಟುಗಾಲಿನಿಂದ ಬಾಗಿಲಿಗೆ ತಟ್ಟಿದ. ತುಕ್ಕು ಉದುರಿತು.

"ಮಳೆ ಮುಗಿದ್ಮೇಲೆ ಗಾಡಿ ತಪಾಸಣೆಗೆ ಒಯ್ಬೇಕು. ಪಾಸಾದ್ರೆ ನಾನೇ ಕಡಲಿಗೆ ಓಡಿಸ್ತೀನಿ. ಫೇಲಾದ್ರೆ ಗುಜರಿ. ಮಧ್ಯದ ಮಾತಿಲ್ಲ."

"ನಾನು ರಿಪೇರಿ ಮಾಡ್ತೀನಿ," ಎಂದೆ.

"ನೀನಾ ಗುಬ್ಬಿ? ಅಂಗಡಿಗೆ ಹೋಗಿ ಉಪ್ಪು ಕೇಳೋಕೆ ನಾಚ್ಕೋತೀಯ, ತುಕ್ಕಿನ ಜೊತೆ ಜಗಳ ಆಡ್ತೀಯಾ?"

"ತುಕ್ಕಿನ ಜೊತೆ ಮಾತಾಡ್ಬೇಕಾಗಿಲ್ವಲ್ಲ."

ಅಣ್ಣ ನಕ್ಕುಬಿಟ್ಟ. ತಂತಿಬ್ರಷ್ಷು, ಎಮರಿ ಪೇಪರು ತಂದುಕೊಟ್ಟವನೂ ಅವನೇ.

ಬಣ್ಣದಂಗಡಿಯವರ ಎದುರು ನಾನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರು ಗಿರಾಕಿಗಳು ಬಂದು ಹೋದರು. ಆಮೇಲೆ ಅಂಗಡಿಯವರೇ ಕೇಳಿ ತಿಳಿದುಕೊಂಡರು. "ತುಕ್ಕು ಅಂದ್ರೆ ಹುಳುಕು ಹಲ್ಲಿದ್ದ ಹಾಗಮ್ಮ. ಕೆರೆದು ಕೆರೆದು ಗಟ್ಟಿ ತಗಡು ಸಿಗೋವರೆಗೂ ಬಿಡಬೇಡ. ಆಮೇಲೆ ಪ್ರೈಮರ್. ತೂತಿದ್ರೆ ಈ ಪುಟ್ಟಿ ಪೇಸ್ಟ್ ತುಂಬು, ಒಣಗಿ ಕಲ್ಲಾಗುತ್ತೆ. ಒಂದು ತೂತೂ ಬಿಡಬಾರದು."

ಆ ಕೊನೆಯ ಮಾತನ್ನು ನಾನು ಪಾಠದಂತೆ ಕಲಿತೆ.

ಬೆಳಿಗ್ಗೆ ಅಪ್ಪನ ಕುರ್ಚಿಯನ್ನು ನೆರಳಿಗೆ ತಳ್ಳಿ, ಅವನ ಕಣ್ಣೆದುರೇ ಕೆಲಸ ಮಾಡುತ್ತಿದ್ದೆ. ಮೇಲಿನಿಂದ ಬೆರಳುಗುರುತಿನಷ್ಟು ಕಂಡ ತುಕ್ಕು ಕೆರೆದಂತೆ ಅಂಗೈಯಗಲ ಆಗುತ್ತಿತ್ತು. ಕೆಂಪು ಪುಡಿ ಮೂಗು, ರೆಪ್ಪೆ, ಚಹಾ ಎಲ್ಲದರಲ್ಲೂ. ಮೊದಮೊದಲು ಪುಟ್ಟಿಗೆ ಗಟ್ಟಿಮಾಡುವ ಕ್ರೀಮು ಹೆಚ್ಚು ಬೆರೆಸಿಬಿಟ್ಟೆ, ಅದು ಹಚ್ಚುವ ಮೊದಲೇ ತಟ್ಟೆಯಲ್ಲಿ ಕಲ್ಲಾಯಿತು. ಅಪ್ಪನ ಭುಜ ಕುಲುಕಿತು. ನಗುತ್ತಿದ್ದ. ಲಕ್ವ ಹೊಡೆದ ಮೇಲೆ ಅದೇ ಮೊದಲು.

ಬಾಗಿಲುಗಳ ತಳದಲ್ಲಿ, ನೆಲಕ್ಕೆ ಮುಖ ಮಾಡಿದ ಅಂಚಿನಲ್ಲಿ ಸಣ್ಣ ತೂತುಗಳಿದ್ದವು. ಕಾಲಿಡುವ ಮೆಟ್ಟಿಲ ಕೆಳಗಿನ ಟೊಳ್ಳು ಭಾಗದಲ್ಲೂ ಇದ್ದವು. ತುಕ್ಕು ಎಷ್ಟು ದುಂಡಗೆ ತಿಂದಿದೆಯಲ್ಲ ಎಂದು ಬೆರಗಾದೆ. ಮಲಗಿಕೊಂಡು, ಕತ್ತು ತಿರುಚಿ, ಒಂದೊಂದಕ್ಕೂ ಪುಟ್ಟಿ ತುಂಬಿ ಬೆರಳಲ್ಲಿ ಒತ್ತಿದೆ.

ಕುರ್ಚಿಯಲ್ಲಿ ಅಪ್ಪ ಒದ್ದಾಡತೊಡಗಿದ್ದು ಆಗಲೇ. ಗಂಟಲಿನಿಂದ ಏನೋ ಸದ್ದು ಹೊರಡಿಸುತ್ತ ಎಡಗೈ ಚಾಚಿದ. ಬೆರಳುಗಳ ನಡುವೆ ಒಂದು ಬೆಂಕಿಕಡ್ಡಿ. ಬಾಯಿಗೆ ಒಯ್ಯಲಿಲ್ಲ, ನನ್ನ ಕಡೆಗೇ ಹಿಡಿದಿದ್ದ. ಅದನ್ನು ನಾನು ಗಮನಿಸಿದೆ. ಗಮನಿಸಿಯೂ, ತಟ್ಟೆ ಹಿಡಿದೇ ಹತ್ತಿರ ಹೋಗಿ, "ಡಾಕ್ಟರ್ ಬೈತಾರಪ್ಪ," ಎಂದೆ. ಅವನು ಕಡ್ಡಿ ಹಿಡಿದ ಕೈಯಿಂದಲೇ ನನ್ನ ಪುಟ್ಟಿಯ ತಟ್ಟೆಗೆ ಹೊಡೆದ. ತಟ್ಟೆ ಮಣ್ಣಿಗೆ ಬಿತ್ತು. ಅಮ್ಮ ಓಡಿಬಂದು ಕಡ್ಡಿ ಕಸಿದುಕೊಂಡಳು.

"ಮಗಳು ನಿಮಗೋಸ್ಕರ ಬೆವರು ಸುರಿಸ್ತಿದಾಳೆ, ನಿಮಗೆ ಸಿಗರೇಟಿನ ಚಿಂತೆನಾ?"

ಅಪ್ಪ ಕಣ್ಣು ಮುಚ್ಚಿಕೊಂಡ. ಮರುದಿನ ಮತ್ತೆ ಕಡ್ಡಿ ಹಿಡಿದಿದ್ದ. ಅದರ ಮರುದಿನವೂ.

ಬಿಳಿ ಬಣ್ಣ ಬಳಿದು ಮುಗಿಸಿದ ದಿನ ಅಣ್ಣ ಬಾಗಿಲಿನ ಮೇಲೆ ಕೈಯಾಡಿಸಿ, "ಪರವಾಗಿಲ್ಲ ಕಣೇ ಗುಬ್ಬಿ, ಮದುವೆ ಹೆಣ್ಣಿನ ಹಾಗಿದೆ," ಎಂದ. ನನಗೆ ಆಕಾಶ ಮೂರೇ ಗೇಣು.

ಮಳೆ ಹಿಡಿಯಿತು. ಬಿಡದೆ ಹೊಯ್ದ ಆ ಮಳೆಯಲ್ಲೇ ಅಪ್ಪನಿಗೆ ಎರಡನೇ ಸಲ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಎಡಗೈಯೂ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಅಂಗಿಯ ಜೇಬು ತಡಕುವ ಕೆಲಸ ಅಮ್ಮನಿಗೆ ಉಳಿಯಲಿಲ್ಲ. ಆದರೂ ಒಗೆಯುವ ಮುಂಚೆ ಒಂದು ಸಲ ಕೈಹಾಕಿ ನೋಡುತ್ತಿದ್ದಳು.

ಮಳೆ ನಿಂತ ಮೇಲೆ ಅಣ್ಣ ನನ್ನನ್ನೂ ಕೂರಿಸಿಕೊಂಡು ವ್ಯಾನನ್ನು ತಪಾಸಣೆಗೆ ಒಯ್ದ. ತಿರುವಿನಲ್ಲಿ ಬಾಗಿಲೊಳಗೆ ಏನೋ ಕುಲುಕಿತು.

"ತುಂಬಿದ ಕೊಡ ತುಳುಕಲ್ಲ ಅಂತಾರೆ," ಎಂದ ಅಣ್ಣ. "ನಮ್ಮ ಬಾಗಿಲು ತುಳುಕ್ತಿದೆಯಲ್ಲೇ?"

ನಾನು ನಕ್ಕೆ.

ತಪಾಸಣೆಯವರು ವಯಸ್ಸಾದವರು. ಬಣ್ಣ ನೋಡಿ ತಲೆದೂಗಿದರು. ಬಾಗಿಲು ತೆರೆದು ಮುಚ್ಚಿ, ಸದ್ದಿಗೆ ಕಿವಿಗೊಟ್ಟರು. ಮೆಟ್ಟಿಲ ಕೆಳಗೆ ಬಗ್ಗಿ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದರು. ನೆನೆದ ರಟ್ಟಿನೊಳಗೆ ಹೋದಂತೆ ಅದು ಹಿಡಿಯವರೆಗೂ ಒಳಗೆ ಹೋಯಿತು. ಎಳೆದಾಗ ಕೆಂಪು ನೀರು ಅವರ ಬೂಟಿನ ಮೇಲೆ ಸುರಿಯಿತು.

"ನೀರು ಹೋಗೋ ತೂತುಗಳನ್ನ ಯಾರಮ್ಮ ಮುಚ್ಚಿದ್ದು?"

ಅವರು ಬೈಯಲಿಲ್ಲ.

"ಅದು ತುಕ್ಕು ಕೊರೆದದ್ದಲ್ಲ, ಕಂಪನಿಯವರೇ ಇಟ್ಟಿರ್ತಾರೆ. ಮಳೆ ನೀರು ಗಾಜಿನ ಸಂದಿಯಿಂದ ಇಳಿದು ಅಲ್ಲಿಂದ ಹೊರಗೆ ಹೋಗ್ಬೇಕು. ಮಳೆಗಾಲಕ್ಕೆ ಮುಂಚೆ ಒಂದು ಬೆಂಕಿಕಡ್ಡಿ ಹಾಕಿ ಕಸ ತೆಗೆದುಬಿಟ್ರೆ ಸಾಕು. ಯಾರೋ ವರ್ಷಾನುಗಟ್ಟಲೆ ತೆಗೀತಾ ಬಂದಿದಾರೆ. ಇಲ್ಲಾಂದ್ರೆ ಈ ಗಾಡಿ ಇಷ್ಟು ದಿನ ಉಳೀತಿರಲಿಲ್ಲ."

ಅಣ್ಣ ನನ್ನ ಮುಖ ನೋಡಿದ. ನಾನು ನನ್ನ ಉಗುರುಗಳನ್ನು ನೋಡಿಕೊಂಡೆ. ಸಂದಿಯಲ್ಲಿ ಬಿಳಿ ಬಣ್ಣ ಇನ್ನೂ ಇತ್ತು.

ಬರುವಾಗ ದಾರಿಯುದ್ದಕ್ಕೂ ಬಾಗಿಲು ಕುಲುಕುತ್ತಲೇ ಇತ್ತು. ಅಂಗಳದಲ್ಲಿ ನಿಲ್ಲಿಸಿ, ಅಣ್ಣ ಕೀಲಿ ತೆಗೆದ. "ನಾಳೆ ಗುಜರಿಯವರಿಗೆ ಬರೋಕೆ ಹೇಳ್ತೀನಿ," ಎಂದ. ಗದರಿದ್ದರೆ ಚೆನ್ನಾಗಿತ್ತು. ಅಷ್ಟು ಮೆತ್ತಗೆ ಅವನು ಎಂದೂ ನನ್ನೊಡನೆ ಮಾತಾಡಿದವನಲ್ಲ.

ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಸ್ಟೂಲು ಹತ್ತಿ, ಮೇಲಿನ ಕಪಾಟಿನಿಂದ ತಗಡಿನ ಡಬ್ಬಿ ಇಳಿಸಿದಳು. ಸೆರಗಿನಿಂದ ಧೂಳು ಒರೆಸಿ, ನನ್ನ ಕೈಗಿಟ್ಟು ಒಳಗೆ ಹೋದಳು.

ಅಪ್ಪನ ಕುರ್ಚಿಯನ್ನು ವ್ಯಾನಿನೆದುರಿನ ಹಳೆಯ ಜಾಗಕ್ಕೆ ತಳ್ಳಿದೆ. ಬಾಗಿಲಡಿ ಅಂಗಾತ ಮಲಗಿ, ಕಲ್ಲಾಗಿದ್ದ ಪುಟ್ಟಿಯನ್ನು ಮೊಳೆಯಿಂದ ಕೊರೆದು, ಕಡ್ಡಿ ಹಾಕಿ ಬಿಡಿಸಿದೆ. ನೀರು ತುಕ್ಕುಗೆಂಪಾಗಿ ಮೊಣಕೈವರೆಗೆ ಇಳಿಯಿತು. ಒಂದು ಬಾಗಿಲು ಬರಿದಾಯಿತು, ಇನ್ನೊಂದೂ ಬರಿದಾಯಿತು. ಹಿಂಬಾಗಿಲನ್ನು ಅಲುಗಿಸಿದರೆ ಮಾತ್ರ ಒಳಗೆ ನೀರಿನ ಸದ್ದು. ಎಲ್ಲಿ ತಡವಿದರೂ ನಾನೇ ಉಜ್ಜಿ ನುಣ್ಣಗೆ ಮಾಡಿದ ಬಣ್ಣ. ಅದರ ತೂತುಗಳನ್ನು ಎಲ್ಲಿ ಮುಚ್ಚಿದ್ದೆನೋ ನನಗೇ ಗುರುತು ಸಿಗಲಿಲ್ಲ.

ಎದ್ದುಬಂದು ಕುರ್ಚಿಯೆದುರು ಕೂತೆ. ಅಪ್ಪನ ಎಡಗೈ ಬಿಡಿಸಿ ಒಂದು ಕಡ್ಡಿ ಇಟ್ಟು, ಬೆರಳುಗಳನ್ನು ನಾನೇ ಮಡಚಿದೆ. ಬೆರಳು ಸಡಿಲವಾದವು. ಕಡ್ಡಿ ಜಾರಿ ಮಣ್ಣಿಗೆ ಬಿತ್ತು. ಅವನು ವ್ಯಾನನ್ನು ನೋಡುತ್ತಿದ್ದ.

ಕಡ್ಡಿಯನ್ನು ಹೆಕ್ಕಿ ಮತ್ತೆ ಅವನ ಅಂಗೈಯಲ್ಲಿಟ್ಟೆ.

"ಅಪ್ಪಾ, ಹಿಂದಿನ ಬಾಗಿಲಿನ ತೂತು ಎಲ್ಲಿದೆ, ಸ್ವಲ್ಪ ತೋರಿಸಪ್ಪ."