ಜೂನ್ ಒಂದರ ಮಕ್ಕಳು

"ತಲಿ ಗಟ್ಟಿ ಹಿಡಿ ಗೌರಿ, ವಾಲಾಕತ್ತೈತಿ."

ಕುಬೇರಪ್ಪ ಕಾಕಾ ಹೀಗೆಂದಾಗ ಗೌರಕ್ಕ ಎರಡೂ ಅಂಗೈಗಳನ್ನು ಅಪ್ಪನ ಗದ್ದದ ಕೆಳಗೆ ಕೊಟ್ಟಳು. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಮಡಿವಾಳೆಪ್ಪ ಮಾಸ್ತರರ ಹಣೆಗೆ ಅಯ್ಯನವರು ವಿಭೂತಿ ಹಚ್ಚುತ್ತಿದ್ದರು. ಎರಡು ದಿನದ ಗಡ್ಡ ಅವಳ ಬೆರಳಿಗೆ ಚುಚ್ಚಿತು. ನಿನ್ನೆ ಸಂಜೆ ತಿರ್ಲಾಪುರದ ಸಾಲೆಯ ಕಟ್ಟೆಯ ಮೇಲೆ ಕೂತವರು ಮತ್ತೆ ಎದ್ದಿರಲಿಲ್ಲ.

"ಮೊದಲನೇ ಹಿಡಿ ಮಣ್ಣು ನಮ್ಮ ಈರಬಸಪ್ಪ ಹಾಕ್ತಾನ," ಎಂದ ಕಾಕಾ, ತನ್ನ ಮಗನ ಕಡೆ ನೋಡಿ. "ಅಣ್ಣಗ ಗಂಡಮಕ್ಕಳಿಲ್ಲ."

"ನಾ ಅದೀನಲ್ಲ? ನಾ ಹಾಕ್ತೀನಿ."

"ಹಾಕವಾ, ಯಾರ ಬ್ಯಾಡಂದಾರ? ಹಿಂದಿಂದ ಹಾಕು. ಮೊದಲಿಂದು ಮಗನ ಕೈಯಿಂದ ಬೀಳಬೇಕು."

ಗೌರಕ್ಕ ಅವ್ವನ ಕಡೆ ನೋಡಿದಳು. ಗುರವ್ವ ಸೆರಗನ್ನು ಬಾಯಿಗೊತ್ತಿಕೊಂಡು ನೆಲ ನೋಡುತ್ತಿದ್ದಳು.

ಅಂಗಳದಲ್ಲಿ ಚಪ್ಪಲಿಗಳ ಸದ್ದಾಯಿತು. ಗೌರಕ್ಕನ ಜೊತೆ ಕಲಿತ ಹುಡುಗರು, ಹುಡುಗಿಯರು, ಇಪ್ಪತ್ತಕ್ಕೂ ಹೆಚ್ಚು ಮಂದಿ. ಮುಂದೆ ನಿಂತವನು ನವಲಗುಂದದಲ್ಲಿ ಹೊಲಿಗೆ ಕೆಲಸ ಮಾಡುವ ಇಮಾಮುದ್ದೀನ.

"ನಾವೂ ಹೊರತೀವ್ರಿ ಕಾಕಾ. ನಾವೂ ಮಾಸ್ತರ ಮಕ್ಕಳ."

ಇವತ್ತೂ ಬಂದರಲ್ಲ, ಅಂದುಕೊಂಡಳು ಗೌರಕ್ಕ. ಅಪ್ಪನ ಗದ್ದ ಹಿಡಿದ ಕೈ ಬಿಗಿಯಾಯಿತು.

*

ಎಂಟು ವರ್ಷದ ಹಿಂದೆ, ಎಪ್ಪತ್ತೊಂದರಲ್ಲಿ, ಅವಳಿಗೆ ಹತ್ತು. ಅಳ್ನಾವರದ ನೆಂಟರ ಮನೆಗೆ ಹೋದಾಗ ಬಾಜು ಮನೆಯ ಹುಡುಗಿಯ ಹುಟ್ಟಿದ ದಿನದ ಸಂಭ್ರಮ ಕಂಡು ಬಂದವಳು ತನಗೂ ಬೇಕೆಂದು ಹಟ ಹಿಡಿದಳು.

"ಕಾರಹುಣ್ಣಿವಿ ಮರುದಿನ ಹುಟ್ಟ್ಯಾಳ," ಎಂದಳು ಗುರವ್ವ.

"ಹುಣ್ಣಿವಿ ವರ್ಷಾ ಸರಿತೈತಿ. ರಜಿಸ್ಟರದಾಗ ಏನೈತಿ, ಅದ ಖರೆ." ಮಾಸ್ತರರು ಜೂನ್ ಒಂದು ಎಂದು ಗೊತ್ತು ಮಾಡಿದರು. ಮಗಳ ಕಿವಿಯಲ್ಲಿ ಹೇಳಿದರು: "ಆ ದಿನ ಪೂರಾ ನಿಂದ."

ಅವ್ವನ ಹಳೆಯ ಇಳಕಲ್ ಸೀರೆ ಲಂಗವಾಯಿತು. ಹಿಂದಿನ ವರ್ಷದ ಉತ್ತರ ಪತ್ರಿಕೆಗಳನ್ನು ಕತ್ತರಿಸಿ ಅಪ್ಪ ತೋರಣ ಕಟ್ಟಿದರು. ಕೆಂಪು ಶಾಯಿಯ ಸೊನ್ನೆಗಳು ಗಾಳಿಗೆ ತೂಗಾಡಿದವು. ಎಂಟು ಗೆಳತಿಯರಿಗೆಂದು ಎಂಟು ಶೇಂಗಾ ಹೋಳಿಗೆ, ಒಂದು ಬುಟ್ಟಿ ಚುರಮರಿ.

ಹೊತ್ತಿಗೆ ಸರಿಯಾಗಿ ಇಡೀ ವರ್ಗವೇ ಬಾಗಿಲಲ್ಲಿ ನಿಂತಿತ್ತು.

"ನಿನ್ನ ಯಾರ ಕರದಾರಲೇ?" ಗುರವ್ವ ಇಮಾಮುದ್ದೀನನನ್ನು ತಡೆದಳು.

"ನಂದೂ ಇವತ್ತ ಹುಟ್ಟಿದ ದಿನಾರೀ ಅಕ್ಕಾರ. ಮಾಸ್ತರ ಬರದಾರ."

"ನಂದೂರೀ!" "ನಂದೂ!"

ಮಕ್ಕಳನ್ನು ಸಾಲೆಗೆ ಹಚ್ಚಲು ಬಂದವರು ಸುಗ್ಗಿ ಹೇಳುತ್ತಿದ್ದರು, ಹಬ್ಬ ಹೇಳುತ್ತಿದ್ದರು; ತಾರೀಖು ಯಾರಿಗೂ ಗೊತ್ತಿರಲಿಲ್ಲ. ಮಾಸ್ತರರು ಮೂವತ್ತಮೂರು ಮಂದಿಗೂ ಜೂನ್ ಒಂದು ಎಂದೇ ಬರೆದಿದ್ದರು. ಈಗ ತಮ್ಮ ಅಕ್ಷರವನ್ನು ತಾವೇ ಸುಳ್ಳೆನ್ನುವುದು ಹೇಗೆ?

"ಬರ್ರಿ ಒಳಗ. ಹುಟ್ಟಿದ ತಪ್ಪಿಗೆ ಉಣ್ಣಾಕ ಬೇಕಲ್ಲ."

"ಒಬ್ಬೊಬ್ಬರಿಗೆ ಒಂದೊಂದ ತಾರೀಖ ಹಾಕಿದ್ರ ನಿಮ್ಮ ಶಾಯಿ ತೀರತಿತ್ತೇನ್ರಿ?" ಎನ್ನುತ್ತ ಗುರವ್ವ ಚುರಮರಿಗೆ ಮತ್ತೆರಡು ಉಳ್ಳಾಗಡ್ಡಿ ಹೆಚ್ಚಲು ಕೂತಳು.

ಹೋಳಿಗೆ ನಾಲ್ಕು ನಾಲ್ಕು ತುಂಡಾದವು. ತಕರಾರು ಬೇಡವೆಂದು ಮಾಸ್ತರರು ಹಾಜರಿ ಕರೆದ ಹಾಗೆ ಒಬ್ಬೊಬ್ಬರ ಹೆಸರು ಕೂಗಿ ಹಂಚಿದರು. ಮೊದಲು ಹುಡುಗರು, ಆಮೇಲೆ ಹುಡುಗಿಯರು. ಪಟ್ಟಿಯಲ್ಲಿ ಗೌರಕ್ಕ ಕೊನೆಯವಳು. ಅವಳ ಹೆಸರು ಕರೆಯುವ ಹೊತ್ತಿಗೆ ತಾಟು ಬರಿದಾಗಿತ್ತು.

"ನೀ ಅವರ ಮಾಸ್ತರ," ಎಂದಳು ಅವಳು. "ನನ್ನ ಅಪ್ಪ ಅಲ್ಲ."

ಮಾಸ್ತರರು ಖಾಲಿ ತಾಟು ಹಿಡಿದು ನಿಂತೇ ಇದ್ದರು. ಮಾರನೆಯ ದಿನದಿಂದ ಮತ್ತೆ ಅಪ್ಪ ಎಂದೇ ಕರೆದಳು, ನಿಜ. ಆದರೆ ಅಂದಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ನಾಳೆ ಹೇಳಿದರಾಯಿತು ಎಂದು ಎಂಟು ವರ್ಷ ಹೋಗಿತ್ತು.

*

ರಾತ್ರಿ ಮಳೆಯಾಗಿದ್ದರಿಂದ ಹೂಳಲು ತೋಡಿದ ಕುಣಿಯ ದಂಡೆ ಜಾರುತ್ತಿತ್ತು. ಒಳಗೆ ಕೂತ ಮಾಸ್ತರರ ಮಡಿಲು ಪತ್ರಿಯಿಂದ, ವಿಭೂತಿಯಿಂದ ತುಂಬಿತು. ಅಯ್ಯನವರು ಮೇಲೆ ಬಂದು, "ಮಕ್ಕಳು ಮಣ್ಣ ಹಾಕ್ರಿ," ಎಂದರು.

ಎಲ್ಲರೂ ಬಗ್ಗಿ ಹಿಡಿ ಹಿಡಿ ಮಣ್ಣು ತೆಗೆದುಕೊಂಡರು. ಗೌರಕ್ಕ ಜನರ ಹಿಂದೆ ಉಳಿದಿದ್ದಳು.

"ಹಾಕಲೇ ಈರಬಸಪ್ಪ," ಎಂದ ಕಾಕಾ. "ಮನಿತನದಾಗ ಹಿರೇ ಮಗ ನೀನ."

ಈರಬಸಪ್ಪ ಮುಂದೆ ಬಂದ. ಅವನೂ ಅದೇ ವರ್ಗದವನು. ಒಂದು ಗಳಿಗೆ ಕುಣಿ ನೋಡಿದ, ಒಂದು ಗಳಿಗೆ ಇಮಾಮುದ್ದೀನನನ್ನು ನೋಡಿದ.

"ಹಿರೇರು ಯಾರೂ ಇಲ್ರಿ ಕಾಕಾ," ಎಂದ ಇಮಾಮುದ್ದೀನ ಮೆಲ್ಲಗೆ. "ಎಲ್ಲಾರೂ ಒಂದ ದಿನಾ ಹುಟ್ಟೀವಿ. ಮಾಸ್ತರ ಬರದಾರ."

ಯಾರೋ ನಕ್ಕರು, ನಗು ಅರ್ಧಕ್ಕೇ ಅಳುವಾಯಿತು.

"ಇದೇನ ಚಾಷ್ಟಿ ಮಾಡೂ ಹೊತ್ತೇನಲೇ? ಹಾಕಂದ್ರ ಹಾಕು!"

"ತಡಿಯಪ್ಪಾ," ಎಂದು ಈರಬಸಪ್ಪ ಪಕ್ಕಕ್ಕೆ ಸರಿದ. "ಗೌರಿ ಬರಲಿ."

ಜನ ದಾರಿ ಬಿಟ್ಟರು. ಗೌರಕ್ಕ ದಂಡೆಗೆ ಬಂದು ಕೂತಳು. ಕಾಕಾ ಏನೋ ಗೊಣಗುತ್ತ ಹಿಂದೆ ಸರಿದ. ಮಣ್ಣು ಎತ್ತಿಕೊಂಡ ಮೇಲೂ ಅವಳಿಗೆ ಕೈ ಬಿಚ್ಚಲಾಗಲಿಲ್ಲ. "ಅಪ್ಪಾ," ಎಂದಳು. ಮತ್ತೊಮ್ಮೆ, ಕುಣಿಯೊಳಗೆ ಕೇಳುವ ಹಾಗೆ, "ನನ್ನಪ್ಪಾ."

ಅವಸರ ಮಾಡಬೇಕೇನೋ ಎಂದು ತಲೆ ಎತ್ತಿದಳು. ಕುಣಿಯ ಸುತ್ತಲೂ ಚಾಚಿದ ಮುಷ್ಟಿಗಳು. ಬೆರಳ ಸಂದಿಯಿಂದ ಹಸಿ ಎರೆಮಣ್ಣು ಹಿಂಡಿ ಹೊರಬರುತ್ತಿದ್ದರೂ ಒಂದೂ ಬಿಚ್ಚಿರಲಿಲ್ಲ.