ಬಾಯಿಪಾಠ

ಗಂಟಲಿನ ಆಪರೇಶನ್ನಿಗೆ ಇನ್ನು ನಾಲ್ಕೇ ದಿನ. ಆಮೇಲೆ ದನಿ ಬರುವುದಿಲ್ಲವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ದನಿ ಹಾಳಾಗಿ ಹೋಗಲಿ, ಬೈಲಹೊಂಗಲದ ಹದಿನಾಲ್ಕು ಮನೆಯ ಕ್ರೈಸ್ತ ಸಭೆಯಲ್ಲಿ ರೋಗಿಯ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುವವರು ಇನ್ನು ಯಾರು? ಉಪದೇಶಿ ಬಾಳೇಶನನ್ನು ತಿನ್ನುತ್ತಿದ್ದುದು ಅದೊಂದೇ ಚಿಂತೆ.

ಇದ್ದವನು ಗೌತಮನೊಬ್ಬ. ನಲವತ್ತು ದಾಟಿದ ಟೆಂಪೋ ಡ್ರೈವರ್, ಆರು ವರ್ಷ ಬಾಳೇಶನ ಬೆನ್ನು ಹತ್ತಿ ಕಲಿತವನು. ಬೈಬಲ್ಲಿನ ಯಾವ ವಚನ ಕೇಳಿದರೂ ಥಟ್ಟನೆ ಹೇಳುತ್ತಿದ್ದ. ಆದರೆ ಗುರುವಿನ ಎದುರಿಗೆ ಒಂದು ದಿನವೂ ತಾನಾಗಿ ಪ್ರಾರ್ಥಿಸಿದವನಲ್ಲ. ಎಂಥ ವಿನಯ ಇವನದು ಎಂದು ಬಾಳೇಶ ಒಳಗೊಳಗೇ ಹಿಗ್ಗುತ್ತಿದ್ದ. ಹಿಗ್ಗಿದ್ದಕ್ಕೆ ತಕ್ಕ ಶಾಸ್ತಿಯಾಯಿತು, ಕೇಳಿ.

ಸಂಗೊಳ್ಳಿಯ ಮಹಾನಂದಾಳ ಮಗಳು ರಂಜನಾ ಜ್ವರದಿಂದ ಹಾಸಿಗೆ ಹಿಡಿದಿದ್ದಳು. ಮಧ್ಯಾಹ್ನ ಇಬ್ಬರೂ ಹೋದರು.

“ಇವತ್ತ ನೀನ ಮಾಡಪಾ,” ಎಂದ ಬಾಳೇಶ, ಒಡಕು ದನಿಯಲ್ಲಿ.

“ನೀವು ಇರೂಮುಂದ ನಾ ಹ್ಯಾಂಗ್ರಿ?”

“ನಾ ಇದ್ದಾಗ ಮಾಡಲಿಲ್ಲಂದ್ರ ಆಮ್ಯಾಲ ಮಾಡ್ತೀಯೇನು?”

ಗೌತಮ ರಂಜನಾಳ ಹಣೆಯ ಮೇಲೆ ಕೈಯಿಟ್ಟ. ಕಣ್ಣು ಮುಚ್ಚಿ ಕೇಳುತ್ತಿದ್ದ ಬಾಳೇಶನಿಗೆ ಎದೆಯ ಭಾರ ಇಳಿದಂತಾಯಿತು. ನಡುವೆ ಗೌತಮ ಎರಡು ಸಲ ಕೆಮ್ಮಿದ. ಬಾಳೇಶ ಬೆಚ್ಚಿದ. ಅದು ತನ್ನದೇ ಕೆಮ್ಮು. ಹಿಂದೊಮ್ಮೆ ಎಲ್ಲಿ ತನಗೆ ದುಃಖ ಉಮ್ಮಳಿಸಿ ಮಾತು ನಿಂತಿತ್ತೋ ಅಲ್ಲೇ ಇವನೂ ನಿಂತ, ಉಗುಳು ನುಂಗಿದ, ಮುಂದುವರಿಸಿದ:

“ತಂದೀ, ನಿನ್ನ ಮಗಳು ದೇವಕ್ಕನ ಕೈ ಬಿಡಬ್ಯಾಡ.”

ಮಹಾನಂದಾ ಕಣ್ಣು ತೆರೆದಳು. “ದೇವಕ್ಕ ಯಾರ್ರೀ?”

ದೇವಕ್ಕ ಬಾಳೇಶನ ಹೆಂಡತಿ. ಐದು ವರ್ಷದ ಹಿಂದೆ ಅವಳ ಹಾಸಿಗೆಯ ಪಕ್ಕ, ಗೌತಮನ ಎದುರಿಗೇ, ಅವನು ಮಾಡಿದ ಪ್ರಾರ್ಥನೆ ಅದು. ಮೂರನೆಯ ದಿನ ಅವಳು ತೀರಿಕೊಂಡಿದ್ದಳು.

ಗೌತಮನ ಮುಖ ಸಪ್ಪಗಾಯಿತು. ಬಾಳೇಶ ಅವನನ್ನು ಸರಿಸಿ ತಾನೇ ಕೈಯಿಟ್ಟ. ಬಾಯಿ ತೆರೆದರೆ ಬಂದದ್ದೂ ಅದೇ ಮಾತು, ಅದೇ ಕಡೆ ನಿಲುಗಡೆ. ಹೆಸರೊಂದು ಬೇರೆ, ಅಷ್ಟೇ. ಐದು ವರ್ಷದಿಂದ ಊರೂರು ತಿರುಗಿ ತಾನು ಒಪ್ಪಿಸುತ್ತಿದ್ದದ್ದೂ ಬಾಯಿಪಾಠವೇ. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆಮೆನ್ ಅನ್ನಲಿಕ್ಕೂ ದನಿ ಏಳಲಿಲ್ಲ.

ತಿರುಗಿ ಬರುವಾಗ ಟೆಂಪೋದಲ್ಲಿ, ಊರು ಹತ್ತಿರವಾದಾಗ ಬಾಳೇಶ ಕೇಳಿದ:

“ಸೋಮವಾರ ನನ್ನ ಕೊಯ್ಯತಾರ. ನನ್ನ ಸಲುವಾಗಿ ದೇವರ ಕಡೆ ಏನ ಬೇಡ್ತೀ ಗೌತಮಾ?”

ಗೌತಮ ಗಾಡಿಯನ್ನು ಬದಿಗೆ ನಿಲ್ಲಿಸಿದ. ಕಣ್ಣು ತುಂಬಿ ಬಂದಿತ್ತು. ಗುರುವಿನ ಮೇಲೆ ಅವನಿಗೆ ಜೀವ, ಅದರಲ್ಲಿ ಸುಳ್ಳಿಲ್ಲ. ಕಿಸೆಯಿಂದ ಮೊಬೈಲ್ ತೆಗೆದು, ಒರೆಸಿ, ರೆಕಾರ್ಡಿಂಗ್ ಶುರು ಮಾಡಿ, ಬಾಳೇಶನ ಬಾಯಿಯ ಹತ್ತಿರ ಹಿಡಿದ.

“ದನಿ ಇರೂದ್ರಾಗ ಒಮ್ಮೆ ಹೇಳಿಕೊಡ್ರಿ,” ಎಂದ. “ಈ ಸಲ ಹೆಸರು ಸೈತ ತಪ್ಪಂಗಿಲ್ಲ.”