ರಾಸ್ಮುಸ್ ಓಟೆಸೆನ್ನನ ಕಾವಲು

ಗಂಡ ಸತ್ತ ಸುದ್ದಿ ಥೋರಾಳಿಗೆ ಹೆಂಡತಿ ಅಂತ ಬರಲಿಲ್ಲ, ಸಂಘದ ಅಧ್ಯಕ್ಷೆ ಅಂತ ಬಂತು. ಬೆಳಿಗ್ಗೆ ಅವಳು ಕಾಲುವೆ ನೀರನ್ನು ಬಟಾಣಿ ಪಾತಿಗೆ ತಿರುಗಿಸುತ್ತಿದ್ದಳು. ಬಿಷಪ್ಪರು ಬೇಲಿಯಾಚೆ ಕುದುರೆ ನಿಲ್ಲಿಸಿ ಹ್ಯಾಟು ತೆಗೆದರು. ಅವರ ಕ್ರೈಸ್ತ ಸಭೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬ್ರದರ್, ಸಿಸ್ಟರ್.

"ಬ್ರದರ್ ಓಟೆಸೆನ್ ಹೋಗ್ಬಿಟ್ರು, ಸಿಸ್ಟರ್ ಥೋರಾ. ಕಿರ್ಸ್ಟಿನೆ ಮನೇಲಿ ನಿಮ್ಮ ಸಂಘದವರೇ ಎಲ್ಲ ನೋಡ್ಕೋಬೇಕು. ಬಟ್ಟೆ, ಊಟ, ರಾತ್ರಿ ಕಾವಲು. ನಾಳೆ ಮಣ್ಣು."

ಇಷ್ಟು ಹೇಳಿದ ಮೇಲೆ ಅವರಿಗೆ ಏನೋ ನೆನಪಾಗಿ ಅವಳ ಮುಖ ನೋಡಿದರು. "ಆಯ್ತು ಬಿಷಪ್ಪರೇ," ಎಂದಳು ಥೋರಾ. ಅವರಿಗೂ ಅಷ್ಟೇ ಬೇಕಿತ್ತು. ಕುದುರೆ ಹೊರಟಿತು.

ಥೋರಾ ರಾಸ್ಮುಸ್ ಓಟೆಸೆನ್ನನ ಎರಡನೆಯ ಹೆಂಡತಿ. ಇಬ್ಬರನ್ನು ಕಟ್ಟಿಕೊಳ್ಳುವುದು ದೇವರ ಅಪ್ಪಣೆ ಎಂದು ಮದುವೆ ಮಾಡಿಸಿದ ಸಭೆಯೇ, ಸರಕಾರದ ಕಾಟ ತಡೆಯಲಾರದೆ, ಇನ್ನು ಸಾಕು ಎಂದು ಸಾರಿತ್ತು. ಅದಾಗಿ ಇಪ್ಪತ್ತು ವರ್ಷವಾಗುತ್ತ ಬಂದಿತ್ತು. ಅಂದಿನಿಂದ ರಾಸ್ಮುಸ್ ಮೊದಲ ಹೆಂಡತಿ ಕಿರ್ಸ್ಟಿನೆಯ ಮನೆಯಲ್ಲೇ ಉಳಿದ. ಥೋರಾಳ ಮನೆಗೆ ಹಿಟ್ಟು ಬರುತ್ತಿತ್ತು, ಸೌದೆ ಬರುತ್ತಿತ್ತು, ಅವನು ಬರುತ್ತಿರಲಿಲ್ಲ. ಮಕ್ಕಳೂ ಇರಲಿಲ್ಲ. ಹೇಗೂ ಬಿಡುವಾಗಿದ್ದಾಳೆ ಎಂದು ಊರು ಅವಳನ್ನು ಹೆಂಗಸರ ಸೇವಾಸಂಘದ ಅಧ್ಯಕ್ಷೆ ಮಾಡಿತು. ಹೆರಿಗೆ, ಜ್ವರ, ಸಾವು, ಯಾರ ಮನೆಯಲ್ಲಿ ಏನೇ ಆದರೂ ಥೋರಾ ಹೋಗಬೇಕು. ಎಲ್ಲರ ಮನೆಯೂ ಅವಳದೇ ಎಂದು ಬಾಯಿ ತುಂಬ ಹೊಗಳುತ್ತಿದ್ದರು. ಅವಳ ಮನೆಯ ಕದ ತಟ್ಟುವವರು ಮಾತ್ರ ಯಾರೂ ಇರಲಿಲ್ಲ.

ಮಧ್ಯಾಹ್ನ ಸಂಘದ ಸಭಾಂಗಣದಲ್ಲಿ ಮೂವರು ಹೆಣದ ಬಿಳಿ ಬಟ್ಟೆ ಹೊಲಿಯಲು ಕುಳಿತರು. ಥೋರಾ, ಅವಳ ವಾರಗೆಯ ಮಾರೆನ್, ಮತ್ತು ಹೋದ ವರ್ಷವಷ್ಟೇ ಬೇರೆ ಕಣಿವೆಯಿಂದ ಸೊಸೆಯಾಗಿ ಬಂದ ಬೊಲೆಟ್ಟೆ. ಬೊಲೆಟ್ಟೆಯ ಸೂಜಿಗಿಂತ ಬಾಯಿ ಚುರುಕು.

"ಇಷ್ಟೇ ಅಗಲ ಸಾಕಾ ಅಕ್ಕಾ? ಅಜ್ಜ ಒಳ್ಳೆ ಪೀಪಾಯಿ ಹಂಗಿದ್ರಲ್ಲ!"

"ಹೊಟ್ಟೆ ಕರಗಿದೆ ಕಣೇ. ತೋಳು ಉದ್ದ ಬಿಡು," ಎಂದಳು ಥೋರಾ.

"ನೀವು ಯಾವಾಗ ಅಳತೆ ತಗೊಂಡ್ರಿ?"

"ಭಾನುವಾರ ಪ್ರಾರ್ಥನೇಲಿ ಕಾಣಲ್ವಾ?"

ಮಾರೆನ್ ತಲೆ ಎತ್ತಲಿಲ್ಲ. ಬೊಲೆಟ್ಟೆ ನಕ್ಕಳು. "ಪ್ರಾರ್ಥನೆಗೆ ಕಣ್ಣು ಮುಚ್ಚೋದು ನಾವಷ್ಟೇನಾ ಹಂಗಾದ್ರೆ? ಅಧ್ಯಕ್ಷರಿಗೆ ಮಾಫಿ ಬಿಡಿ!"

ಥೋರಾಳೂ ನಕ್ಕಳು. ನಗದಿದ್ದರೆ ಅಳಬೇಕಾಗುತ್ತಿತ್ತು. ಆಮೇಲೆ ಊಟದ ಮಾತು ಬಂತು. ಯಾರು ಬ್ರೆಡ್ಡು, ಯಾರು ಆಲೂಗಡ್ಡೆ, ಯಾರು ಹಂದಿಮಾಂಸ ಎಂದು ಹಂಚುತ್ತ ಹಂಚುತ್ತ, ಎಂದೂ ತನಗಾಗಿ ಬಾಯಿ ಬಿಡದ ಥೋರಾ ಅಂದು ಬಾಯಿ ಬಿಟ್ಟಳು. "ಎರಡು ಮನೆಗೂ ಕಳಿಸಬೇಕು."

"ಎರಡಾ?" ಬೊಲೆಟ್ಟೆ ಗಾಬರಿಯಾದಳು. "ಅಯ್ಯೋ ದೇವರೇ, ಇನ್ಯಾರು ಹೋದ್ರು?"

ಹುಡುಗಿಗೆ ಯಾರೂ ಹೇಳಿರಲಿಲ್ಲ. ಊರು ಮರೆತದ್ದನ್ನು ಹೊಸಬರಿಗೆ ಹೇಳುವ ತಾಪತ್ರಯ ಯಾರಿಗೆ ಬೇಕು?

"ಯಾರೂ ಇಲ್ಲ. ಬಾಯಿ ತಪ್ಪಿ ಬಂತು," ಎಂದಳು ಥೋರಾ.

ಮಾರೆನ್ ದಾರವನ್ನು ಹಲ್ಲಿನಲ್ಲಿ ಕಡಿದಳು.

"ರಾತ್ರಿ ಕಾವಲಿಗೆ ಯಾರು ಅಕ್ಕಾ?" ಬೊಲೆಟ್ಟೆ ಮತ್ತೆ ಶುರು ಮಾಡಿದಳು. ಬೇಸಿಗೆಯಲ್ಲಿ ಹೆಣದ ಮುಖಕ್ಕೆ ಒದ್ದೆ ಬಟ್ಟೆ ಹೊದಿಸಿ, ಅದು ಒಣಗದಂತೆ ಬೆಳಗಾಗುವವರೆಗೆ ನೋಡಿಕೊಳ್ಳಬೇಕು. ಯಾರು ಕೂರಬೇಕೆಂದು ಹೇಳುವವಳು ಅಧ್ಯಕ್ಷೆ. ಇಷ್ಟು ವರ್ಷದಲ್ಲಿ ಆ ಅಧಿಕಾರದಿಂದ ಥೋರಾ ತನಗಾಗಿ ಒಂದು ಸೂಜಿಯನ್ನೂ ಕೇಳಿದವಳಲ್ಲ. ಈಗ ಅವಳಿಗೆ ಒಂದು ರಾತ್ರಿ ಬೇಕಿತ್ತು. ನಾಳೆ ಪೆಟ್ಟಿಗೆ ಮುಚ್ಚಿದರೆ ಮುಗಿಯಿತು.

"ನಾನೇ ಕೂರ್ತೀನಿ."

"ಇಬ್ಬರು ಇರಬೇಕಲ್ವಾ? ನಾನೂ ಬರ್ತೀನಿ, ನಿಮಗೆ ಬೇಜಾರಾಗಬಾರ್ದು."

"ಒಬ್ಬರು ಸಾಕು ಬಿಡೇ," ಎಂದಳು ಮಾರೆನ್ ಗದರಿಸುವ ದನಿಯಲ್ಲಿ. "ನಿಂಗೆ ಮನೇಲಿ ಕೆಲಸ ಇಲ್ವಾ?"

ಹೊತ್ತು ಮುಳುಗುವಾಗ ಥೋರಾ ಕಿರ್ಸ್ಟಿನೆಯ ಬಾಗಿಲಲ್ಲಿ ನಿಂತಿದ್ದಳು. ಈ ಮನೆಗೆ ಸಂಘದ ಕೆಲಸಕ್ಕೆ ಎಷ್ಟೋ ಸಲ ಬಂದಿದ್ದಳು, ಅಡುಗೆಮನೆ ದಾಟಿದವಳಲ್ಲ. ಕಿರ್ಸ್ಟಿನೆ ಬೇಡ ಎಂದರೆ ಹಿಂತಿರುಗಬೇಕು. ಅವಳಿಗೆ ಆ ಹಕ್ಕಿತ್ತು, ಕಾನೂನೂ ಸಭೆಯೂ ಅವಳ ಕಡೆಗೇ ಇದ್ದವು.

ಕಿರ್ಸ್ಟಿನೆ ಬಾಗಿಲು ತೆರೆದಳು. ಅತ್ತೂ ಅತ್ತೂ ಮುಖ ಊದಿತ್ತು.

"ಸಂಘದವಳಾಗಿ ಬಂದ್ಯಾ?"

ಹೌದು ಎನ್ನುವುದು ಸುಲಭವಿತ್ತು. ಅದೇ ಉತ್ತರ ನಾಲಿಗೆ ತುದಿಯಲ್ಲಿ ಸಿದ್ಧವಾಗಿತ್ತು.

"ಇಲ್ಲ ಅಕ್ಕಾ."

ಕಿರ್ಸ್ಟಿನೆ ಅವಳನ್ನೇ ನೋಡಿದಳು. ಒಂದು ಕಾಲದಲ್ಲಿ ರಾಸ್ಮುಸ್ ಒಂದು ವಾರ ಈ ಮನೆ, ಒಂದು ವಾರ ಆ ಮನೆ ಎಂದು ಸರದಿ ಮೇಲೆ ಇರುತ್ತಿದ್ದ. ಆಗ ಇಬ್ಬರಿಗೂ ವಾರದ ಲೆಕ್ಕದಲ್ಲೇ ಜಗಳ, ಮುನಿಸು, ಮೂದಲಿಕೆ.

"ನಿನ್ನ ಸರದಿಗಳನ್ನೆಲ್ಲ ನಾನೇ ತಿಂದ್ಕೊಂಡೆ," ಎಂದಳು ಕಿರ್ಸ್ಟಿನೆ. "ಹೋಗು. ಬೆಳಗಾಗೋವರ್ಗೂ ಆ ಕಡೆ ಯಾರನ್ನೂ ಬಿಡಲ್ಲ, ನನ್ನ ಮಕ್ಕಳನ್ನೂ."

ಒಳಗೆ ಕಿಟಕಿಯ ಪಕ್ಕ ಹಲಗೆಯ ಮೇಲೆ ಅವನನ್ನು ಮಲಗಿಸಿದ್ದರು. ಬಾಗಿಲು ಹಾಕಿದ ಸದ್ದಾಯಿತು. ಥೋರಾ ಸ್ಟೂಲು ಎಳೆದು ಹತ್ತಿರ ಕುಳಿತು, ಮುಖದ ಮೇಲಿನ ಬಟ್ಟೆ ತೆಗೆದಳು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ಹತ್ತಿರದಿಂದ ನೋಡಿದ್ದು ಅದು ಇನ್ನೂ ಕೆಂಚಗಿದ್ದಾಗ.

"ರಾಸ್ಮುಸ್," ಎಂದಳು. ಊರೆದುರು ಬ್ರದರ್ ಓಟೆಸೆನ್ ಎಂದೇ ಕರೆದು ಕರೆದು, ಈ ಹೆಸರು ಬಾಯಿಗೆ ಹೊಂದಲಿಲ್ಲ. ಇನ್ನೊಮ್ಮೆ ಕರೆದಳು. ಹೇಳುವುದು ಎಷ್ಟೊಂದಿತ್ತು! ಮಳೆಗೆ ಸೋರಿದ ಮಾಡು, ಸತ್ತ ಹಸು, ಒಬ್ಬಳೇ ಕುಳಿತು ಉಂಡ ಕ್ರಿಸ್‌ಮಸ್ಸುಗಳು. ಕೇಳುವವನೇ ಇರಲಿಲ್ಲ. ಇಡೀ ರಾತ್ರಿ ಅವಳದೇ ಆಗಿತ್ತು, ಅವಳು ಹಿಂದೆಂದೂ ಇಷ್ಟು ಒಂಟಿಯಾಗಿರಲಿಲ್ಲ. ಬರಿಗೈಯಿಂದಲೇ ಕಣ್ಣೊರೆಸಿಕೊಂಡು, ಬಟ್ಟೆಯನ್ನು ನೀರಿಗದ್ದಿ ಹಿಂಡಿ, ಅವನ ಮುಖಕ್ಕೆ ಹೊದಿಸಿದಳು.